ಹುಲುಗಪ್ಪ ವಡ್ಡಿಗೆ ಹೋಗಿದ್ದಾನೆ

ದೊಡ್ಡವರನ್ನು ಕಂಡು ನನಗೆ ಎಂದೂ ಹೊಟ್ಟೆಕಿಚ್ಚಾಗಿಲ್ಲ. ಗಣಿ ಧಣಿಗಳ ಮನೆ ಮುಂದೆ ಸಾಲಾಗಿ ನಿಂತ ಕಾರುಗಳನ್ನು ನೋಡಿದಾಗ, ‘ಪಾಪ, ಇಷ್ಟನ್ನೂ ತೊಳೆಸಬೇಕಲ್ಲ’ ಎಂದುಕೊಂಡು ಮುಂದೆ ಹೋಗಿದ್ದೇನೆ. ಹೊಟ್ಟೆಕಿಚ್ಚಿಗೆ ಹತ್ತಿರದ ಮನುಷ್ಯ ಬೇಕು. ನನ್ನ ಪಾಲಿಗೆ ಬಂದವನು ಎಷ್ಟು ಹತ್ತಿರದವನೆಂದರೆ, ಅವನು ತನ್ನ ಕಾರಿನ ಬಾಗಿಲನ್ನು ಪೂರ್ತಿ ತೆರೆದರೆ ಅದು ನನ್ನ ಕಾರಿಗೆ ತಾಗುತ್ತದೆ. ಹೆಸರು ಹುಲುಗಪ್ಪ, ಊರು ಗಾದಿಗನೂರು, ಓದಿದ್ದು ಏಳನೇ ಕ್ಲಾಸು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಹೊಸಪೇಟೆಯ ಸ್ಟೇಷನ್ ರಸ್ತೆಯ ಬೇವಿನ ಮರದ ಕೆಳಗೆ ನಿಲ್ಲುವ ಹನ್ನೊಂದು ಟ್ಯಾಕ್ಸಿಗಳಲ್ಲಿ ಒಂದರ ಮಾಲೀಕನೂ ಚಾಲಕನೂ ನಾನೇ. ಈ ಎರಡು ವಾಕ್ಯಗಳ ನಡುವೆ ಏನು ನಡೆಯಿತೆಂದು ಕೇಳಬೇಡಿ. ಡೈರಿಯಲ್ಲಿ ಒಂದು ಕಾರಣ ಬರೆದಿಟ್ಟಿದ್ದೇನೆ, ನೆನಪಿನಲ್ಲಿ ಇನ್ನೊಂದು ಇದೆ, ನನ್ನ ಮಾವನವರ ಬಳಿ ಮೂರನೆಯದೊಂದಿದೆ.

ನನ್ನ ಆಸೆ ದೊಡ್ಡದಲ್ಲ. ಯಾರಾದರೂ ಒಂದೇ ಒಂದು ಸಲ ನಮ್ಮ ಸ್ಟ್ಯಾಂಡಿಗೆ ಬಂದು, ‘ಪಂಪಾಪತಿ ಅದಾರೇನ್ರಿ?’ ಎಂದು ಕೇಳಬೇಕು. ಅಷ್ಟೇ. ಎಂಟು ವರ್ಷಗಳಿಂದ ಬರುವವರೆಲ್ಲ ಕೇಳುವುದು, ‘ಹುಲುಗಪ್ಪ ಅದಾನೇನ್ರಿ?’ ಹಂಪಿಯ ಗೆಸ್ಟ್ ಹೌಸಿನಲ್ಲಿ ಇಳಿದವರು ಕೇಳುತ್ತಾರೆ, ಕಂಪ್ಲಿಯ ಅಕ್ಕಿ ಗಿರಣಿಯವರು ಕೇಳುತ್ತಾರೆ, ಒಮ್ಮೆ ಕನ್ನಡ ಬಾರದ ಇಬ್ಬರು ಬಿಳಿಯರು ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು. ಅವನಲ್ಲಿ ಏನಿದೆ ಎಂದು ನಾನು ಶಾಸ್ತ್ರೀಯವಾಗಿಯೇ ಅಧ್ಯಯನ ಮಾಡಿದೆ. ಅವನ ಕಾರು ನನ್ನದಕ್ಕಿಂತ ಹಳೆಯದು. ಹಿಂದಿನ ಸೀಟಿನ ಮೇಲೆ ಅವರವ್ವ ಹೊಲಿದ ಒಂದು ಕೌದಿ ಹಾಸಿರುತ್ತದೆ. ಇದೇ ಇರಬೇಕು ಗುಟ್ಟು ಎಂದುಕೊಂಡು ನಾನು ಸಂಡೂರಿನಿಂದ ಲಂಬಾಣಿ ಕಸೂತಿಯ ಹೊದಿಕೆ ತಂದು ಹಾಸಿದೆ. ಅದರ ಕನ್ನಡಿಗಳು ಚುಚ್ಚುತ್ತವೆಂದು ಗಿರಾಕಿಗಳು ಅದನ್ನು ಮಡಚಿ ಪಕ್ಕಕ್ಕಿಟ್ಟು ಕುಳಿತರು. ನೀರಿನ ಬಾಟಲಿ ಇಟ್ಟೆ, ಎಲ್ಲ ಜಾತಿಯ ಫೋನಿಗೂ ಆಗುವ ಚಾರ್ಜರ್ ವೈರು ಇಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ, ಹೊಸಪೇಟೆಯಿಂದ ಹಂಪಿಯವರೆಗೆ ಒಂದು ಕಲ್ಲನ್ನೂ ಬಿಡದೆ ಅದರ ಇತಿಹಾಸ ಹೇಳುತ್ತಾ ಬಂದೆ. ಗಿರಾಕಿಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ತನ್ಮಯತೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲವೂ ನ್ಯಾಯವಾಗಿ ನಡೆಯುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಹಂಪಿಗೆ ಒಂದು ರೇಟು, ಸಂಡೂರಿಗೆ ಒಂದು, ಕಂಪ್ಲಿಗೆ ಒಂದು. ಹನ್ನೊಂದು ಬಾಯಿಗಳಲ್ಲೂ ಒಂದೇ ಉತ್ತರ. ಗಿರಾಕಿ ಮೊದಲನೆಯವನನ್ನು ಕೇಳಿ, ಮುಖ ಸಿಂಡರಿಸಿ, ನಾಲ್ಕು ಕಾರು ದಾಟಿ ಐದನೆಯವನನ್ನು ಗುಟ್ಟಾಗಿ ಕೇಳುತ್ತಾನೆ. ಅಲ್ಲೂ ಅದೇ ಉತ್ತರ, ಅದೇ ರಾಗದಲ್ಲಿ. ಇದಕ್ಕೆ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಏನೋ ಕೆಟ್ಟ ಹೆಸರಿದೆ. ನಾವು ಒಗ್ಗಟ್ಟು ಎನ್ನುತ್ತೇವೆ. ಯಾರು ಮೊದಲು ಹೋಗಬೇಕೆಂಬ ತಕರಾರೂ ಇಲ್ಲ. ಚಹಾದಂಗಡಿಯ ಗೋಡೆಗೆ ಒಂದು ಹಲಗೆ, ಅದರಲ್ಲಿ ಹನ್ನೊಂದು ಮೊಳೆ, ಮೊಳೆಗೊಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಕಾರಿನ ನಂಬರು. ಮೊದಲ ಮೊಳೆಯವನದು ಪಾಳಿ. ಅವನು ಬಾಡಿಗೆಗೆ ಹೋಗಿ ಬಂದು ತನ್ನ ಬಿಲ್ಲೆಯನ್ನು ಕೊನೆಯ ಮೊಳೆಗೆ ಹಾಕುತ್ತಾನೆ. ಫೋನಿನಲ್ಲಿ ಬಾಡಿಗೆ ಹಿಡಿಯುವುದು ನಿಷಿದ್ಧ. ಎಲ್ಲರೂ ಸಮಾನರು, ಎಲ್ಲರೂ ಬಡವರು. ಈ ಸುಂದರ ವ್ಯವಸ್ಥೆಯಲ್ಲಿ ಒಂದೇ ಒಂದು ತೂತಿತ್ತು. ಗಿರಾಕಿ ಹೆಸರು ಹಿಡಿದು ಕೇಳಿದರೆ ಮಾತ್ರ ಆ ಮನುಷ್ಯ ಪಾಳಿ ಬಿಟ್ಟು ಹೋಗಬಹುದಿತ್ತು. ಆ ತೂತಿನಲ್ಲಿ ದಿನಾ ನುಸುಳುತ್ತಿದ್ದವನು ಹುಲುಗಪ್ಪ ಒಬ್ಬನೇ.

ಆ ತೂತನ್ನು ಮುಚ್ಚುವ ಮಾತು ಮೊದಲು ಎತ್ತಿದವರು ನಮ್ಮ ಸ್ಟ್ಯಾಂಡಿನ ಹಿರಿಯರಾದ ಖಾಜಾಸಾಬರು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರು ಗ್ಲಾಸು ಕೆಳಗಿಟ್ಟದ್ದು, ಗಡ್ಡ ನೀವಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿ, ‘ಇಂದು ನಾನು ಮಂಡಿಸಿದೆ, ಎಲ್ಲರೂ ಒಪ್ಪಿದರು’ ಎಂದಿದೆ. ಇಂಥ ಕಡೆ ನಾನು ಡೈರಿಯನ್ನೇ ನಂಬುತ್ತೇನೆ, ಸ್ವಲ್ಪ ಬೇಸರದಿಂದ. ಒಬ್ಬನ ಹೊಟ್ಟೆಕಿಚ್ಚು ಕೆಟ್ಟ ಗುಣ. ಹತ್ತು ಜನರ ಹೊಟ್ಟೆಕಿಚ್ಚು ಒಂದೆಡೆ ಕೂತು ಚಹಾ ಕುಡಿದರೆ ಅದು ನಿಯಮವಾಗುತ್ತದೆ. ಓದಿದವನೆಂದು ಸ್ಟ್ಯಾಂಡಿನಲ್ಲಿ ಎಲ್ಲರೂ ನನ್ನನ್ನು ಮಾಸ್ತರ ಎನ್ನುತ್ತಾರೆ, ಬರೆಯುವ ಕೆಲಸವೂ ನನಗೇ ಬಂತು. ‘ಗಿರಾಕಿಗಳು ಯಾರದೇ ಹೆಸರು ಹೇಳಿ ಕೇಳಿದಾಗ್ಯೂ ಪಾಳಿಯಲ್ಲಿರುವ ಕಾರೇ ಹೋಗತಕ್ಕದ್ದು. ಇದು ಸಮಾನತೆಯ ದೃಷ್ಟಿಯಿಂದ.’ ಕೆಳಗೆ ‘ಪಂಪಾಪತಿ, ಎಂ.ಎ.’ ಎಂದು ಸಹಿ ಹಾಕಿ, ಪ್ಲಾಸ್ಟಿಕ್ ಹೊದಿಸಿ, ಹಲಗೆಯ ಪಕ್ಕ ಅಂಟಿಸಿದೆ. ರೇಟು ಒಂದೇ, ಪಾಳಿ ಒಂದೇ ಆದ ಮೇಲೆ ಒಬ್ಬ ಇನ್ನೊಬ್ಬನಿಗಿಂತ ಮುಂದೆ ಹೋಗಲು ಉಳಿದಿದ್ದ ದಾರಿ ಒಳ್ಳೆಯ ಕೆಲಸ ಒಂದೇ. ಅದನ್ನೂ ನಾನು ಮುಚ್ಚಿದೆನಲ್ಲ ಎಂಬುದು ಆಗ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಬರೆದುಕೊಂಡಿಲ್ಲ.

ಹುಲುಗಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ. “ಆತು. ನನ್ನ ಕೇಳ್ಕೊಂಡು ಬಂದೋರಿಗೆ ಏನಂತ ಹೇಳ್ತೀರಿ?”

ಅದನ್ನು ಯಾರೂ ಯೋಚಿಸಿರಲಿಲ್ಲ. ಖಾಜಾಸಾಬರು, “ವಡ್ಡಿಗೆ ಹೋಗ್ಯಾನ ಅಂತೀವಿ ತಗೋ” ಎಂದರು. ವಡ್ಡು ಸಂಡೂರು ತಾಲೂಕಿನ ಒಂದು ಹಳ್ಳಿ.

“ವಡ್ಡಿಗೇ ಯಾಕ?”

“ಸುಮ್ನ ತಿರುಗಾಡಾಕ ಯಾರೂ ವಡ್ಡಿಗೆ ಹೋಗಲ್ಲಲೇ. ಹೋಗ್ಯಾನಂದ್ರ ಕೆಲಸಿದ್ದೇ ಹೋಗ್ಯಾನ ಅಂತ ನಂಬ್ತಾರ.”

ಅಂದಿನಿಂದ ಹುಲುಗಪ್ಪ ದಿನಾ ವಡ್ಡಿಗೆ ಹೋಗತೊಡಗಿದ. ಅಂದರೆ ಬೇವಿನ ಮರದ ಕೆಳಗೆ ತನ್ನ ಕಾರಿನ ಗಾಜು ಒರೆಸುತ್ತಾ ನಿಂತಿರುತ್ತಿದ್ದ. ಅವನ ಮುಖ ಗೊತ್ತಿಲ್ಲದೆ ಬರೀ ಹೆಸರು ಕೇಳಿಕೊಂಡು ಬಂದವರಿಗೆ ನಾವು ಅವನ ಎದುರೇ ಅವನು ವಡ್ಡಿಗೆ ಹೋಗಿದ್ದಾನೆ ಎನ್ನುತ್ತಿದ್ದೆವು. ಮುಖ ಗೊತ್ತಿದ್ದವರಿಗೆ ಅವನೇ ಮೊದಲ ಮೊಳೆಯವನನ್ನು ತೋರಿಸಿ, “ಪಾಳಿ ಆತಂದೈತ್ರಿ” ಎನ್ನುತ್ತಿದ್ದ. ಒಂದು ದಿನವೂ ನಿಯಮ ಮುರಿಯಲಿಲ್ಲ. ಇದನ್ನೂ ನನ್ನಿಂದ ಸಹಿಸಲಾಗಲಿಲ್ಲ. ಇಷ್ಟಾಗಿ, ಅವನಿಲ್ಲ ಎಂದ ಕೂಡಲೇ ಜನ ನಮ್ಮ ಕಾರು ಹತ್ತಲಿಲ್ಲ. ‘ಹಂಗಾದ್ರ ನಾಳೆ ಬರ್ತೀವಿ’ ಎಂದು ಹೋದರು. ಕೆಲವರು ಆಟೊ ಹತ್ತಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಕಂಪ್ಲಿಯ ಬಸ್ಸಿಳಿದು ಒಬ್ಬ ವಯಸ್ಸಾದ ಹೆಂಗಸು ಬಂದರು. ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ, ಹತ್ತು ಗಂಡಸರನ್ನು ಒಮ್ಮೆಲೇ ನೆಟ್ಟಗೆ ನಿಲ್ಲಿಸುವ ನೋಟ. ಕೇಳುವ ಮೊದಲೇ ಗೊತ್ತಾಯಿತು, ಶಾಲೆಯಿಂದ ನಿವೃತ್ತರಾದ ಅಕ್ಕೋರು.

“ಹುಲುಗಪ್ಪ ಅಂದ್ರ ಯಾರ್ರಿ? ನಮ್ಮ ತಂಗಿ ಆತನ ಗಾಡ್ಯಾಗs ಹೋಗು ಅಂದಾಳ.”

ಖಾಜಾಸಾಬರು ಚಹಾದಿಂದ ಕಣ್ಣೆತ್ತದೆ, “ವಡ್ಡಿಗೆ ಹೋಗ್ಯಾನ್ರಿ” ಎಂದರು.

ಅಕ್ಕೋರ ಮುಖ ಅರಳಿತು. “ಛಲೋ ಆತು. ನಾನೂ ವಡ್ಡಿಗೇ ಹೊಂಟೀನಿ. ಫೋನ್ ಮಾಡಿ ಅಲ್ಲೇ ಇರು ಅನ್ರಿ. ಹೋಗಾಕ ಬಸ್ಸಿಗೆ ಹೋಗ್ತೀನಿ, ಬರಾಕ ಆತನ ಗಾಡಿಗೆ ಬರ್ತೀನಿ.”

ಖಾಜಾಸಾಬರ ಗಂಟಲಿಗೆ ಚಹಾ ಸಿಕ್ಕಿಕೊಂಡಿತು. ಮೊದಲ ಮೊಳೆಯಲ್ಲಿದ್ದದ್ದು ನನ್ನ ಬಿಲ್ಲೆ. ಇಡೀ ದಿನದ ಬಾಡಿಗೆಯೊಂದು ಕೊಡೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತಿತ್ತು. ಮುಂದೆ ಮಾತಾಡಿದ್ದು ನಾನೇ ಎಂದು ಒಪ್ಪಿಕೊಳ್ಳಲು ಈಗಲೂ ಕಷ್ಟವಾಗುತ್ತದೆ. ಕಾರಿನ ಹಿಂದಿನಿಂದ ಎದ್ದು ಬಂದು, “ಬಂದೆ ಅಕ್ಕೋರ, ಈಗ ವಡ್ಡಿನಿಂದ ಬಂದೆ. ನಾನೇ ಹುಲುಗಪ್ಪ” ಎಂದೆ.

“ಮತ್ತ ತಿರುಗಿ ಅಲ್ಲಿಗೇ ಹೋಗಾಕ ಬ್ಯಾಸರಿಲ್ಲಲ್ಲ?”

“ಇಲ್ರಿ. ನನಗ ವಡ್ಡು ಅಂದ್ರ ಭಾಳ ಸೇರ್ತೈತಿ.”

ನಿಜವಾದ ಹುಲುಗಪ್ಪ ನಾಲ್ಕು ಹೆಜ್ಜೆ ದೂರದಲ್ಲಿ ಗಾಜು ಒರೆಸುತ್ತಿದ್ದ. ನನ್ನನ್ನೊಮ್ಮೆ ನೋಡಿ, ಅದೇ ಜಾಗವನ್ನು ಇನ್ನೊಮ್ಮೆ ಒರೆಸಿದ.

ಇನ್ನೊಬ್ಬನಾಗಿ ಕಾರು ಓಡಿಸುವುದು ಎಷ್ಟು ಕಷ್ಟವೆಂದು ಊರು ದಾಟುವುದರೊಳಗೆ ತಿಳಿಯಿತು. “ನಿಮ್ಮವ್ವನ ಮೊಣಕಾಲು ಹೆಂಗೈತಿ?” ಎಂದು ಅಕ್ಕೋರು ಕೇಳಿದರು. ಹುಲುಗಪ್ಪನ ಅವ್ವನಿಗೆ ಮೊಣಕಾಲು ನೋವಿರುವುದು ಅವರ ತಂಗಿಗೆ ಗೊತ್ತಿತ್ತು. ಎಂಟು ವರ್ಷ ಪಕ್ಕದಲ್ಲೇ ಕಾರು ನಿಲ್ಲಿಸಿದ ನನಗೆ ಗೊತ್ತಿರಲಿಲ್ಲ. “ಹಂಗೇ ಐತ್ರಿ” ಎಂದೆ. ದಾರಿಯಲ್ಲೇ ಗಾದಿಗನೂರು ಬಂತು. “ನಿಮ್ಮೂರಲ್ಲೇನು? ಮನಿ ಯಾವುದು?” ಎಂದರು. ನಾನು ಕಂಡ ನೀಲಿ ಬಾಗಿಲೊಂದನ್ನು ತೋರಿಸಿದೆ. ಮೇಷ್ಟರಾದವರ ಕಣ್ಣು ಬಿಡಬೇಕಲ್ಲ. “ಅಂಗನವಾಡಿ ಅಂತ ಬರದೈತಿ?”

“ಮುಂದಿನ ಭಾಗ ಬಾಡಿಗಿ ಕೊಟ್ಟೀವ್ರಿ.”

ಆಮೇಲೆ ಅವರೇ ಹೇಳಿದರು: “ನಮ್ಮ ತಂಗಿ ಯಾಕ ನಿನ್ನ ಹೊಗಳ್ತಾಳ ಗೊತ್ತೈತೇನು? ನೀನು ಕೇಳಿದ್ದಕ್ಕಷ್ಟೇ ಉತ್ತರ ಹೇಳ್ತಿಯಂತ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತಿಯಂತ. ನಿಮ್ಮ ಸ್ಟ್ಯಾಂಡಿನಾಗ ಯಾರೋ ಒಬ್ಬ ಎಂ.ಎ. ಓದಿದಾತ ಅದಾನಂತಲ್ಲ, ಅಕಿ ಗಂಡ ಒಮ್ಮಿ ಆತನ ಗಾಡ್ಯಾಗ ಹಂಪಿಗೆ ಹೋಗಿ ಬಂದು ತಲಿನೋವು ಅಂತ ಎರಡು ದಿವಸ ಮಲಗಿದ್ದ.”

ಎಂಟು ವರ್ಷದ ಅಧ್ಯಯನಕ್ಕೆ ಉತ್ತರ ಹೀಗೆ ಹಿಂದಿನ ಸೀಟಿನಿಂದ ಬಂತು. ನಾನು ಗೇರು ಬದಲಿಸಿದೆ. ಆದರೂ ತಡೆಯಲಾಗದೆ, “ಆತ ಮನಸಿನಿಂದ ಒಳ್ಳೇವನ್ರಿ. ಭಾಳ ತಿಳಕೊಂಡಾನ” ಎಂದೆ.

“ನೋಡು, ಜೋಡಿ ಇದ್ದವರನ್ನ ಬಿಟ್ಟುಕೊಡಲ್ಲ ನೀನು. ದೊಡ್ಡ ಗುಣ ಹುಲುಗಪ್ಪ” ಎಂದರು ಅಕ್ಕೋರು. ನನ್ನನ್ನು ನಾನೇ ಹೊಗಳಿಕೊಂಡರೂ ಕೀರ್ತಿ ಅವನಿಗೇ ಹೋಯಿತು.

ವಡ್ಡಿನಲ್ಲಿ ಅವರು ನೋಡಬೇಕಾಗಿದ್ದದ್ದು ತಾವು ಮೊದಲು ಕೆಲಸಕ್ಕೆ ಸೇರಿದ ಶಾಲೆ. ಅದರ ಹತ್ತಿರ ರಸ್ತೆ ಬದಿಯಲ್ಲಿ ಕೆಮ್ಮಣ್ಣು ಮೆತ್ತಿದ ಒಂದು ವೀರಗಲ್ಲು ನಿಂತಿತ್ತು. ಸತ್ತ ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುವ ಚಿತ್ರ. “ಏನಿದು, ಗೊತ್ತೈತೇನು?” ಎಂದರು. ವೀರಗಲ್ಲುಗಳ ಮೇಲೆ ನಾನು ನಲವತ್ತು ಪುಟದ ಪ್ರಬಂಧ ಬರೆದವನು. ಆದರೆ ಅಲ್ಲಿ ನಿಂತಿದ್ದವನು ಹುಲುಗಪ್ಪ. “ಗೊತ್ತಿಲ್ರಿ” ಎಂದೆ. ಅಷ್ಟು ದೊಡ್ಡ ಸುಳ್ಳನ್ನು ಆ ದಿನ ಬೇರೆ ಹೇಳಲಿಲ್ಲ.

“ಮದುವಿ ಮೆರವಣಿಗಿ ಇದು” ಎಂದರು ಅಕ್ಕೋರು.

“ಇರಬೇಕ್ರಿ” ಎಂದೆ. ನಲವತ್ತು ಪುಟಗಳೂ ಗಂಟಲಲ್ಲಿ ನಿಂತವು.

ಅವರು ಶಾಲೆಯ ಕಟ್ಟೆಯ ಮೇಲೆ ಕುಳಿತರು. ನಾನು ದೂರ ನಿಂತೆ. ಮಾತಾಡುವಂತಿಲ್ಲವಾದ್ದರಿಂದ ಬೇರೆ ದಾರಿಯಿಲ್ಲದೆ ಕೇಳಿಸಿಕೊಂಡೆ. ಮೊದಲ ದಿನ ಏಳು ಮಕ್ಕಳು ಬಂದದ್ದು, ಅವರಲ್ಲಿ ಒಬ್ಬಳು ದಿನಾ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಂದು ಹಿಂದೆ ನಿಂತೇ ಪಾಠ ಕೇಳುತ್ತಿದ್ದದ್ದು, ಕೂರು ಎಂದು ಹೇಳಲು ತಮಗೆ ಹೊಳೆದದ್ದೇ ಒಂದು ತಿಂಗಳ ಮೇಲೆ ಎಂಬುದು. ನನ್ನ ಕಾರಿನಲ್ಲಿ ಕೂತವರಿಗೂ ಹೇಳುವ ಮಾತು ಇರುತ್ತದೆ ಎಂಬುದು ನನಗೆ ಹೊಸ ಸಂಗತಿ. ಸಂಜೆ ಕಂಪ್ಲಿ ಬಸ್ಸು ಹತ್ತುವಾಗ, “ಇವತ್ತು ಮನಸು ಹಗುರಾತು. ಹುಲುಗಪ್ಪ ಅಂದ್ರ ಹುಲುಗಪ್ಪನs” ಎಂದರು.

ಸ್ಟ್ಯಾಂಡಿಗೆ ಬಂದು ಬಿಲ್ಲೆಯನ್ನು ಕೊನೆಯ ಮೊಳೆಗೆ ಹಾಕಿದೆ. ಹುಲುಗಪ್ಪ ಪಕ್ಕಕ್ಕೆ ಬಂದು, “ನಾನು ಇವತ್ತು ಹೆಂಗ ಓಡಿಸಿದೆ, ಮಾಸ್ತರ?” ಎಂದ.

“ಚಂದ ಓಡಿಸಿದಿ” ಎಂದೆ. ಆಮೇಲೆ, “ನಿಮ್ಮವ್ವನ ಮೊಣಕಾಲು ಹೆಂಗೈತಿ?” ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಹದಿನೈದು ದಿನವಾಗಿರಬಹುದು, ಅಕ್ಕೋರು ಮತ್ತೆ ಬಂದರು. ಈ ಸಲ ಜೊತೆಗೆ ತಂಗಿ. ತಂಗಿ ನೇರ ನಿಜವಾದ ಹುಲುಗಪ್ಪನ ಕಡೆ ಹೋಗಿ, “ಆರಾಮೇನಪ್ಪಾ ಹುಲುಗಪ್ಪ?” ಎಂದರು. ಅಕ್ಕೋರು ನನ್ನ ಕಡೆ ಬೆರಳು ತೋರಿಸಿ, “ಲೇ, ಹುಲುಗಪ್ಪ ಈತ” ಎಂದರು. ಉಳಿದ ಒಂಬತ್ತು ಜನ ಟ್ಯಾಕ್ಸಿಯವರಿಗೂ ಒಮ್ಮೆಲೇ ಬೇವಿನ ಮರದಲ್ಲಿ ಏನೋ ಕಾಣಿಸಿತು. ನನ್ನ ಮಾನ ಈಗ ಹುಲುಗಪ್ಪನ ನಾಲಿಗೆಯ ಮೇಲಿತ್ತು. ಅವನ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆನೆಂದು ನನಗೆ ಗೊತ್ತು.

“ಇಬ್ರೂ ಹುಲುಗಪ್ಪನs ಅಕ್ಕೋರ” ಎಂದ ಅವನು. “ನಾನು ಗಾದಿಗನೂರು ಹುಲುಗಪ್ಪ, ಆತ ಹೊಸಪೇಟಿ ಹುಲುಗಪ್ಪ. ಈ ಕಡೆ ಕಲ್ಲು ಒಗದ್ರ ಹುಲುಗಪ್ಪಗ ಬಡಿತೈತ್ರಿ.”

“ಹಂಗೇನು. ಮತ್ತ ಅಂಗನವಾಡಿಗೆ ಬಾಡಿಗಿ ಕೊಟ್ಟ ಮನಿ?”

“ಅದು ಇಬ್ರದೂ ಸೇರಿ ಐತ್ರಿ” ಎಂದ, ಕಣ್ಣು ಮಿಟುಕಿಸದೆ.

“ಇರಲಿ. ನನಗ ಹೊಸಪೇಟಿ ಹುಲುಗಪ್ಪನs ಬೇಕು” ಎಂದರು ಅಕ್ಕೋರು. ನನ್ನ ಎದೆ ಉಬ್ಬಿತು. ಆದರೆ ಆ ದಿನ ಮೊದಲ ಮೊಳೆಯಲ್ಲಿದ್ದದ್ದು ಅವನ ಬಿಲ್ಲೆ, ನನ್ನದು ನಾಲ್ಕನೆಯದರಲ್ಲಿ. ಖಾಜಾಸಾಬರು ಗೋಡೆ ತೋರಿಸಿದರು. ಅಕ್ಕೋರು ಕನ್ನಡಕ ಹಾಕಿಕೊಂಡು ನಿಯಮವನ್ನು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು. ‘ಸಮಾನತೆಯ ದೃಷ್ಟಿಯಿಂದ’ ಎಂಬಲ್ಲಿ ಒಮ್ಮೆ ನಿಂತರು. “ಛಲೋ ಕೆಲಸ ಮಾಡಿದಾತನ್ನ ಜನ ಹುಡುಕ್ಕೊಂಡು ಬಂದ್ರ ತಪ್ಪೇನೈತಿ? ಯಾವಾತ ಬರದದ್ದು ಇದು? ಪಂಪಾಪತಿ, ಎಂ.ಎ.” ಸುತ್ತ ನೋಡಿದರು. “ಪಂಪಾಪತಿ ಅದಾರೇನ್ರಿ?”

ನಾನು ಎಂಟು ವರ್ಷದಿಂದ ಕಾದಿದ್ದ ವಾಕ್ಯ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಇಲ್ರಿ ಅಕ್ಕೋರ” ಎಂದ ಹುಲುಗಪ್ಪ, ಗಾಜು ಒರೆಸುತ್ತಾ. “ವಡ್ಡಿಗೆ ಹೋಗ್ಯಾನ.”

ಅಕ್ಕೋರು ನನ್ನ ಕಡೆ ತಿರುಗಿದರು. “ಹೌದೇನು ಹುಲುಗಪ್ಪ?”

“ಹೌದ್ರಿ” ಎಂದೆ. “ಸಂಜಿಗೆ ಬರ್ತಾನ.”

“ಬಂದ್ರ ಹೇಳು, ನಾನು ಕೇಳಿದ್ದೆ ಅಂತ.”

ಅಕ್ಕತಂಗಿಯರು ಹುಲುಗಪ್ಪನ ಕಾರಿನಲ್ಲಿ ಕೌದಿಯ ಮೇಲೆ ಕುಳಿತು ಹೋದರು. ಆ ದಿನದ ಡೈರಿಯಲ್ಲಿ ನಾನು ಒಂದೇ ಸಾಲು ಬರೆದೆ: ‘ಇಂದು ಒಬ್ಬರು ಸ್ಟ್ಯಾಂಡಿಗೆ ಬಂದು ನನ್ನನ್ನು ಹೆಸರು ಹಿಡಿದು ಕೇಳಿದರು.’ ಅದರಲ್ಲಿ ಸುಳ್ಳೇನೂ ಇಲ್ಲ. ಉಳಿದದ್ದನ್ನು ಬರೆಯಲಿಲ್ಲ. ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು. ಹತ್ತು ವರ್ಷ ಕಳೆದರೆ ಆ ಪುಟ ಓದುವ ಪಂಪಾಪತಿ ಅದನ್ನು ಪೂರ್ತಿ ನಂಬಿ, ಎದೆಯುಬ್ಬಿಸಿಕೊಂಡು ಓಡಾಡುತ್ತಾನೆ. ಅದೃಷ್ಟವಂತ. ಅವನನ್ನು ನೆನೆದರೆ ಈಗಲೇ ಸ್ವಲ್ಪ ಹೊಟ್ಟೆ ಉರಿಯುತ್ತದೆ.