ಸಾಯದ ರಾಜ

ರಾಜನ ಪಾತ್ರಕ್ಕೆ ಹದಿನೈದು ಸಾವಿರ, ಅವನನ್ನು ಕೊಲ್ಲುವ ರಾಜಕುಮಾರನ ಪಾತ್ರಕ್ಕೆ ಇಪ್ಪತ್ತು. ಅಜ್ಜಂಪುರದ ಕಡೆ ಊರ ನಾಟಕದಲ್ಲಿ ಬಣ್ಣ ಹಚ್ಚಬೇಕಾದರೆ ದುಡ್ಡು ಕೊಟ್ಟೇ ಪಾತ್ರ ಹಿಡಿಯಬೇಕು. ಸೀನರಿ, ಪೇಟಿ ಮೇಷ್ಟ್ರು, ಊಟ ಎಲ್ಲ ಅದರಲ್ಲೇ ಆಗಬೇಕು. ರಾಜನಾಗುವವನು ಕೊಬ್ಬರಿ ವ್ಯಾಪಾರದ ತೀರ್ಥಪ್ಪ ಎಂದು ತಿಳಿದದ್ದೇ ತಡ, ಮೋಟಾರ್ ರಿಪೇರಿಯ ಹಾಲೇಶ್ ಇಪ್ಪತ್ತು ಸಾವಿರ ತಂದಿಟ್ಟ.

ಕಾರಣ ಊರಿಗೆಲ್ಲ ಗೊತ್ತಿತ್ತು. ಹಾಲೇಶನ ಮಗಳು ಶ್ರುತಿಗೆ ತರೀಕೆರೆಯ ಸಂಬಂಧ ಕೂಡಿಬಂದಿತ್ತು. ಹುಡುಗನನ್ನು ಅವಳೂ ಮೆಚ್ಚಿದ್ದಳು. ಹಾಲೇಶನ ಜಮೀನಿನ ಮೇಲೆ ಕೇಸಿದೆ ಎಂದು ತೀರ್ಥಪ್ಪ ಗಂಡಿನವರೆದುರು ಬಾಯಿಬಿಟ್ಟ. ಕೇಸು ಇದ್ದದ್ದು ಬೇರೆ ಯಾರದೋ ಜಮೀನಿನ ಮೇಲೆ. ಸಂಬಂಧ ಮುರಿಯಿತು.

"ಇಡೀ ಹೋಬಳಿ ಎದುರಿಗೆ ಅವನನ್ನ ನನ್ನ ಕಾಲಡಿ ಕೆಡವ್ತೀನಿ, ನೋಡ್ತಿರು" ಎಂದ ಹಾಲೇಶ್.

"ಅವನು ಬಿದ್ರೆ ಮಗಳ ಮದ್ವೆ ಆಗೋಯ್ತದಾ?" ಎಂದಳು ಹೆಂಡತಿ ಹೇಮಾವತಿ.

ಅಪ್ಪನನ್ನು ಕೊಂದ ರಾಜನ ಮೇಲೆ ಮಗ ಸೇಡು ತೀರಿಸಿಕೊಳ್ಳುವ ಹಳೆಯ ದುರಂತ ನಾಟಕ ಅದು. ರಾತ್ರಿ ಮೈಕಿಗೆ ಪರವಾನಗಿ ಸಿಗದೆ ಬೆಳಿಗ್ಗೆಯೇ ಶುರುವಾಗಿತ್ತು. ನಡುನಡುವೆ ನೆಂಟರು ರಂಗಕ್ಕೆ ಹತ್ತಿ ತಮ್ಮವರಿಗೆ ಹಾರ ಹಾಕುತ್ತಿದ್ದರು. ಅಷ್ಟು ಹೊತ್ತು ಯುದ್ಧ ನಿಲ್ಲುತ್ತಿತ್ತು.

ಸಂಜೆ ಹೊತ್ತಿಗೆ ಹಾಲೇಶನ ಕತ್ತಿ ರಾಜನ ಎದೆಗೆ ತಾಗಿತು. ತೀರ್ಥಪ್ಪ ಸಾಯುವ ಹಾಡು ಹಾಡಿ ಬಿದ್ದ. ಜನ "ಒನ್ಸ್ ಮೋರ್" ಎಂದರು. ಎದ್ದು ಇನ್ನೊಮ್ಮೆ ಹಾಡಿ ಸತ್ತ. ಆಮೇಲೆ ಯಾರೂ ಕೇಳಲಿಲ್ಲ. ಆದರೂ ನೀರಲ್ಲಿ ಅದುಮಿದ ತೆಂಗಿನಕಾಯಿಯ ಹಾಗೆ ಮತ್ತೆ ಮೇಲೆದ್ದ.

"ಯಾರ್ಲೇ ಕೇಳಿದ್ದು?" ಹಾಲೇಶ್ ಹಲ್ಲು ಕಡಿದ.

"ಇನ್ನೊಂದು ಗಳಿಗೆ ತಡ್ಕಳೋ" ಎಂದ ರಾಜ, ಕತ್ತೆತ್ತಿ ರಸ್ತೆಯ ಕಡೆ ನೋಡುತ್ತ.

ಪೇಟಿ ಮೇಷ್ಟ್ರು ದತ್ತಾತ್ರಿ ತಲೆ ಚಚ್ಚಿಕೊಂಡು ಮತ್ತೆ ಹಾರ್ಮೋನಿಯಂ ನುಡಿಸಿದರು. ಹಾಡು ಮುಗಿಯಿತು. ರಾಜ ಬಿದ್ದ. ಬಿದ್ದವನು ಮತ್ತೆ ಮೊಣಕೈ ಊರಿದ.

ಹಾಲೇಶನಿಗೆ ತಡೆಯಲಾಗಲಿಲ್ಲ. ಸೊಂಟಕ್ಕೆ ಜಾಡಿಸಿ ಒದ್ದ. "ಸಾಯೋ ಲೇ! ನನ್ನ ಮಗಳ ಸಂಬಂಧ ಮುರಿದ ಮುಂಡೇಮಗನೇ, ಸಾಯಿ!" ಮೈಕು ಅದನ್ನು ಬಸ್ ಸ್ಟ್ಯಾಂಡಿನವರೆಗೂ ಮುಟ್ಟಿಸಿತು. ಇಷ್ಟು ಸಹಜ ಅಭಿನಯವನ್ನು ಜನ ಕಂಡಿರಲಿಲ್ಲ. ಶಿಳ್ಳೆ ಬಿತ್ತು.

ರಂಗದ ಮೆಟ್ಟಿಲ ಮೇಲೆ ಒಬ್ಬರು ಎರಡೂ ಕೈಯಿಂದ ಒಂದು ಹಾರ ಹಿಡಿದು ನಿಂತಿದ್ದರು. ತರೀಕೆರೆಯ ರೇವಣಪ್ಪ, ಹುಡುಗನ ಅಪ್ಪ.

"ಹಾಲೇಶ," ನೆಲದಿಂದ ತೀರ್ಥಪ್ಪ ನರಳಿದ, "ನಾನು ಹೇಳಿದ್ದು ತಪ್ಪು ಅಂತ ಅವ್ರ ಕಾಲು ಹಿಡಿದು ಒಪ್ಪಿಸಿದ್ದೆ ಕಣೋ. ಎಲ್ರೆದುರು ನಿನಗೆ ಹಾರ ಹಾಕಿ ಬೀಗರು ಅನ್ನಿಸ್ಕಂತೀವಿ ಅಂದಿದ್ರು. ಬಸ್ಸು ಲೇಟಾಯ್ತು. ನಾನು ಸತ್ರೆ ಪರದೆ ಬೀಳ್ತದಲ್ಲ, ಅದ್ಕೇ ಸಾಯ್ದೆ ಕಾಯ್ತಿದ್ದೆ."

ರೇವಣಪ್ಪ ಮೇಲೆ ಬಂದು ಹಾರವನ್ನು ತೀರ್ಥಪ್ಪನ ಕೊರಳಿಗೆ ಹಾಕಿದರು.

"ಈ ಬೀಗತನ ನಮಗೆ ಬ್ಯಾಡ ಕಣಪ್ಪಾ" ಎಂದರು ಹಾಲೇಶನಿಗೆ, ಮೆಲ್ಲಗೆ. "ಬಿದ್ದೋರನ್ನ ಒದೆಯೋ ಕಾಲು ನಿಂದು."

ಕೆಳಗೆ ಹೆಂಗಸರ ಸಾಲಿನಿಂದ ಶ್ರುತಿ ಎದ್ದು ಮನೆಯ ದಾರಿ ಹಿಡಿದಳು.

ನಾಟಕಕ್ಕೆ ಒಳ್ಳೆಯ ಹೆಸರು ಬಂತು. ಸಂಬಂಧ ಎರಡನೇ ಸಲ ಹೋಯಿತು. ಈ ಸಲ ಬೈಯಲು ಹಾಲೇಶನಿಗೆ ಬೇರೆ ಯಾರೂ ಸಿಗಲಿಲ್ಲ.