ಚಿಕ್ಕಪ್ಪನ ಕಾರಿಗೆ ಪಾಠ ಹೇಳಿದ ಡಬ್ಬಿ

ನಮ್ಮ ಚಿಕ್ಕಪ್ಪ ಯಾರನ್ನೂ ನಂಬುತ್ತಿರಲಿಲ್ಲ ಅಂದರೆ ತಪ್ಪಾಗುತ್ತದೆ. ಗೋಡೆ ಗಡಿಯಾರವನ್ನು ನಂಬುತ್ತಿದ್ದರು, ಕೈಗಡಿಯಾರದ ಜೊತೆ ತಾಳೆ ನೋಡಿದ ಮೇಲೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ ಅವರದು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಯೋಗಕ್ಷೇಮ ವಿಚಾರಿಸದೆ ಕೊಳ್ಳುತ್ತಿರಲಿಲ್ಲ.

ಇಂಥವರು ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಒಂದು ಹಳೇ ವಿದೇಶಿ ಸ್ಪೋರ್ಟ್ಸ್ ಕಾರು ತಂದರು. ಎರಡೇ ಬಾಗಿಲು. ಹಿಂದೆ ಬಾಗಿಲಿಲ್ಲದಿದ್ದರೆ ಹಿಂದಿನಿಂದ ಯಾರೂ ಹತ್ತುವ ಹಾಗಿಲ್ಲವಲ್ಲ!

ವಾರದೊಳಗೆ ಅನುಮಾನ ಶುರುವಾಯಿತು. "ಕಾಗದದಲ್ಲಿ ನೂರೈವತ್ತು ಕುದುರೆ ಶಕ್ತಿ ಅಂತ ಬರೆದಿದ್ದಾರೆ. ಓಡಿಸಿದ್ರೆ ನೂರೂ ಇಲ್ಲ. ಮಾರಿದೋನು ಮಿಕ್ಕ ಕುದುರೆಗಳನ್ನ ಇಟ್ಕೊಂಡಿದ್ದಾನೆ ಕಣೋ."

ಆ ಕುದುರೆಗಳನ್ನು ಹುಡುಕಿಕೊಡಲು ಬೆಂಗಳೂರಿನ ಮೆಕ್ಯಾನಿಕ್ ಒಬ್ಬ ಪುಟ್ಟ ಡಬ್ಬಿ ಹಿಡಿದು ಬಂದ. ವೈರು ಸಿಕ್ಕಿಸಿ ಗುಂಡಿ ಒತ್ತಿದರೆ ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಪಾಠ ಹೋಗುತ್ತದಂತೆ.

"ಏನು ಪಾಠ?" ಅಂದರು ಚಿಕ್ಕಪ್ಪ.

"ಪೆಟ್ರೋಲು ಯಾವಾಗ, ಎಷ್ಟು ಕುಡೀಬೇಕು ಅಂತ ಸಾರ್."

"ಇಷ್ಟು ದಿನ ಕುಡೀತಿತ್ತಲ್ಲ, ಯಾರನ್ನ ಕೇಳ್ಕೊಂಡು ಕುಡೀತಿತ್ತು?"

ಮೆಕ್ಯಾನಿಕ್ ವೈರು ಸಿಕ್ಕಿಸಿ ಗುಂಡಿ ಒತ್ತಿದ.

ಮಾರನೇ ದಿನ ಚಿಂತಾಮಣಿ ರಸ್ತೆಯಲ್ಲಿ ಪರೀಕ್ಷೆ. ನಾನಾಗ ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುತ್ತಿದ್ದೆ. ಗಡಿಯಾರ ಹಿಡಿಯುವ ಕೆಲಸ ನನ್ನದು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಕಾರು ಎಗರುತ್ತಿತ್ತು. ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಯಾವಾಗ ಬಂದೆವೋ ತಿಳಿಯಲಿಲ್ಲ. ಚಿಕ್ಕಪ್ಪ ಖುಷಿಪಟ್ಟರೇ? ಎಲ್ಲಿಯ ಮಾತು!

"ಕಲ್ಲುಗಳನ್ನ ಹತ್ತಿರ ಹತ್ತಿರ ನೆಟ್ಟಿದ್ದಾರೆ," ಅಂದರು.

ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಇಬ್ಬರೂ ಹಗ್ಗ ಹಿಡಿದು ರಸ್ತೆ ಅಳೆದೆವು. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು, ರೋಡನ್ನೂ ಮಾರಿಬಿಟ್ಟರಾ ಅಂತ ತೆಲುಗಿನಲ್ಲಿ ವಿಚಾರಿಸಿದಳು. ಅಳತೆ ಸರಿಯಾಗೇ ಬಂತು. "ಹಗ್ಗ ಹಿಗ್ಗಿರಬೇಕು," ಅಂದರು ಚಿಕ್ಕಪ್ಪ.

ಅದೇ ವರ್ಷ ಚಿಕ್ಕಮ್ಮನಿಗೆ ಬೆಂಗಳೂರಿನಲ್ಲಿ ಹೊಟ್ಟೆ ಆಪರೇಷನ್ ಆಯಿತು. ಮನೆಗೆ ಕರೆದುಕೊಂಡು ಹೋಗುವ ದಿನ ಚಿಕ್ಕಪ್ಪ ನನ್ನನ್ನೂ ಕೂರಿಸಿಕೊಂಡು ಮೊದಲು ಆ ಮೆಕ್ಯಾನಿಕ್‌ನ ಶೆಡ್ಡಿಗೆ ಹೋದರು.

"ಇನ್ನೂ ಸ್ಪೀಡ್ ಬೇಕಾ ಸಾರ್?"

"ಬೇಡಪ್ಪ. ನಿಧಾನಕ್ಕೆ ಹೋಗೋ ಪಾಠ ಇದ್ರೆ ಹೇಳ್ಕೊಡು. ಈಗಿನದಕ್ಕಿಂತ, ಮೊದಲಿದ್ದದ್ದಕ್ಕಿಂತಲೂ ನಿಧಾನ. ಅವಳಿಗೆ ಹೊಲಿಗೆ ಹಾಕಿದ್ದಾರೆ."

ಮೆಕ್ಯಾನಿಕ್ ಡಬ್ಬಿ ತೆಗೆದ.

ಆಸ್ಪತ್ರೆಯ ಬಾಗಿಲಲ್ಲಿ ಮುಂದಿನ ಸೀಟನ್ನು ಪೂರ್ತಿ ಒರಗಿಸಿ ಚಿಕ್ಕಮ್ಮನನ್ನು ಮಲಗಿಸಿದೆವು. ನಾನು ಹಿಂದೆ ಮುದುರಿಕೊಂಡೆ. ದೇವನಹಳ್ಳಿ ದಾಟುವಷ್ಟರಲ್ಲಿ ಲಾರಿ, ಬಸ್ಸು, ಹಾಲಿನ ವ್ಯಾನು ಎಲ್ಲ ನಮ್ಮನ್ನು ಹಿಂದೆ ಹಾಕಿದ್ದವು. ಪ್ರತಿ ಹಂಪಿನಲ್ಲೂ ಚಿಕ್ಕಪ್ಪ ಕೇಳುತ್ತಿದ್ದರು: "ನೋವಾಯ್ತಾ?"

"ಇಲ್ಲ ಬಿಡೀಪ್ಪ," ಅನ್ನುತ್ತಿದ್ದಳು ಚಿಕ್ಕಮ್ಮ.

ಚಿಕ್ಕಪ್ಪ ನಂಬಲಿಲ್ಲ. ಕೈ ಚಾಚಿ, ಹಿಂದಿನ ರಸ್ತೆ ತೋರಿಸುವ ಕನ್ನಡಿಯನ್ನು ಅವಳ ಮುಖ ಕಾಣುವ ಹಾಗೆ ತಿರುಗಿಸಿಕೊಂಡರು.