ಸೇತುವೆಯಾಚೆ ಅರ್ಧ ಬಾಡಿಗೆ

"ಈ ಊರಿನ ಬಾಡಿಗೆಯ ಸೊಕ್ಕು ಮುರಿಯದಿದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ!" ಎಂದು ರೇಡಿಯೊ ಮಾವ ಗುಡುಗಿದರು.

ಮಾವನದು ಕ್ಷೌರದಂಗಡಿ. ಕೈ ಗಳಿಗೆ ಹೊತ್ತು ನಿಂತರೂ ಬಾಯಿ ನಿಲ್ಲದು. ಅದಕ್ಕೇ ಗಿರಾಕಿಗಳು ಆ ಬಿರುದು ಕೊಟ್ಟಿದ್ದರು. ಸೇತುವೆ ದಾಟಿದರೆ ಸಿಗುವ ಪಕ್ಕದ ನಗರಕ್ಕೆ ಹೋಗಿ ಅವರು ಆಗತಾನೆ ಬಂದಿದ್ದರು. ಅಲ್ಲೊಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಕೋಣೆಯ ಮನೆ ಖಾಲಿ. ಬಾಡಿಗೆ ಇಲ್ಲಿಯದರ ಅರ್ಧಕ್ಕರ್ಧ!

"ಮುಂಗಡ ಕೊಟ್ಟು ಬಂದ್ರಾ?" ಅತ್ತೆ ಕೇಳಿದರು.

"ಯಾಕೆ ಆತುರ? ಮನೆಗೇನು ಕಾಲಿದೆಯಾ ಓಡಿಹೋಗೋಕೆ? ರಜೆ ದಿನ ಇಬ್ರೂ ಹೋಗಿ ಗತ್ತಾಗಿ ಚೌಕಾಸಿ ಮಾಡೋಣ."

"ಮನೆಗಿಲ್ಲ ಸರಿ, ನಿಮ್ಮ ಗಿರಾಕಿಗಳಿಗೆ ಕಾಲಿದೆಯಲ್ಲ! ಅಂಗಡೀಲಿ ಬಾಯಿ ಬಿಡಬೇಡಿ, ಕೈ ಮುಗಿತೀನಿ."

"ನನ್ನ ಹೊಟ್ಟೆ ಅಂದ್ರೆ ಪಾಳುಬಾವಿ ಕಣೇ! ಬಿದ್ದದ್ದು ಮೇಲೆ ಬಂದ ದಾಖಲೆಯೇ ಇಲ್ಲ!"

ಮರುದಿನ ಕುರ್ಚಿಯಲ್ಲಿ ಬಂದು ಕೂತವರು ಯಾರು? ಮನೆ ಮಾಲೀಕರು! ತಾವು ಕೆಳಗಿನ ಮಹಡಿಯಲ್ಲಿದ್ದು, ಮೇಲಿನದನ್ನು ಮಾವನಿಗೆ ಕೊಟ್ಟಿದ್ದ ಪುಣ್ಯಾತ್ಮರು. ಕೂತವರೇ, "ಬರೋ ತಿಂಗಳಿಂದ ಬಾಡಿಗೆ ಸ್ವಲ್ಪ..." ಎಂದು ರಾಗ ತೆಗೆದರು. ಪಾಳುಬಾವಿ ಉಕ್ಕಿತು!

"ನಿಮ್ಮ ಗೂಡಿಗೆ ಅಷ್ಟೊಂದಾ? ಸೇತುವೆ ದಾಟಿ ನೋಡಿ ಸ್ವಾಮಿ! ಅರ್ಧ ಬಾಡಿಗೆ! ಹಾಲು ಬಣ್ಣದ ಕಟ್ಟಡ, ಮೂರನೇ ಮಹಡಿ, ಎಡಗಡೆ ಬಾಗಿಲು. ಕಿಟಕಿ ತೆಗೆದ್ರೆ ಸಾಕು, ಗಾಳಿ ಬಂದು ಕಾಲು ಒತ್ತುತ್ತೆ! ತಗೊಳ್ಳಿ, ತಿಂಗಳ ಕೊನೆಗೆ ನಿಮ್ಮ ಮನೆ ಖಾಲಿ!"

ಗಂಟಲ ಮೇಲೆ ಕತ್ತಿ ಇದ್ದುದರಿಂದ ಮಾಲೀಕರು "ಹ್ಞೂಂ" ಎಂದಷ್ಟೇ ಅಂದರು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮಾವ ಟವೆಲ್ ಕೊಡವಿದರು.

ರಜೆಯ ದಿನ ಬಂತು. ಪರದೆಗೆ ಅಳತೆ ತೆಗೆಯಲು ಟೇಪು ಹಿಡಿದು ಗಂಡ ಹೆಂಡತಿ ಮೂರನೇ ಮಹಡಿ ಹತ್ತಿದರು. ಎಡಗಡೆ ಬಾಗಿಲು ತಟ್ಟಿದರೆ, ತೆರೆದವರು ಬನಿಯನ್ ತೊಟ್ಟ ಮಾಲೀಕರು!

"ಬಾರಯ್ಯ, ಬಾ! ನೀನು ಹೇಳಿದ್ದು ಒಂದಕ್ಷರ ಸುಳ್ಳಲ್ಲ. ಎಂಥಾ ಗಾಳಿ! ಅಲ್ಲಿ ದುಬಾರಿಗೆ ಕೊಟ್ಟು ಇಲ್ಲಿ ಅಗ್ಗಕ್ಕೆ ಇರೋ ಉಪಾಯ ನನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡು!"

ಮಾವ ಕೈಲಿದ್ದ ಟೇಪನ್ನು ಮೆಲ್ಲನೆ ಬೆನ್ನ ಹಿಂದೆ ಅಡಗಿಸಿದರು.

"ಹಾಗಾದ್ರೆ... ನಾವು ಮೇಲಿನ ಮನೇಲೇ ಇದ್ದುಬಿಡ್ತೀವಿ," ಎಂದರು ಕೊನೆಗೆ.

"ಅಯ್ಯೋ, ಅದನ್ನ ಡ್ಯಾನ್ಸ್ ಮೇಷ್ಟ್ರೊಬ್ಬರಿಗೆ ಕೊಟ್ಟಾಯ್ತಲ್ಲಪ್ಪ! ನೀನೇ ಅಲ್ವಾ ಖಾಲಿ ಅಂದಿದ್ದು?"

ಬರುವ ತಿಂಗಳು ಪಾತ್ರೆಪಗಡ ಎಲ್ಲಿಡುವುದು? ಅತ್ತೆಯೇ ಮುಂದೆ ಬಂದರು. "ಅಣ್ಣಾ, ನೀವು ಬಿಟ್ಟ ಕೆಳಗಿನ ಮನೆ?"

"ಅದಿನ್ನೂ ಇದೆ ತಾಯಿ. ಆದ್ರೆ ಬಾಡಿಗೆ ಒಂಚೂರು ಜಾಸ್ತಿ."

"ಕೊಡಿ," ಎಂದರು ಅತ್ತೆ, ಮಾವನ ಕಡೆ ತಿರುಗಿಯೂ ನೋಡದೆ.

ತಿಂಗಳು ಕಳೆಯಿತು. ಡ್ಯಾನ್ಸ್ ಮೇಷ್ಟ್ರ ಶಿಷ್ಯರು ತಲೆಯ ಮೇಲೆ ಧಡಧಡ ಕುಣಿಯತೊಡಗಿದರು. ಒಂದು ಮಧ್ಯಾಹ್ನ ಅತ್ತೆ ಊಟದ ಡಬ್ಬಿ ತಂದಾಗ, ಅಂಗಡಿಯಲ್ಲಿ ಗಿರಾಕಿಯೊಬ್ಬರು ಕೇಳುತ್ತಿದ್ದರು:

"ಏನು ಮಾವ, ಮನೆ ಬದಲಾಯಿಸಿದ್ರಂತೆ! ಬಾಡಿಗೆ ಸೊಕ್ಕು ಮುರಿದ್ರಾ?"

ಮಾವ ಎಂದೂ ಇಲ್ಲದ ಏಕಾಗ್ರತೆಯಿಂದ ಗಿರಾಕಿಯ ಕಿವಿಯ ಹಿಂದೆ ಇಲ್ಲದ ಕೂದಲು ಹುಡುಕತೊಡಗಿದರು.

ಅತ್ತೆ ಡಬ್ಬಿ ಕೆಳಗಿಟ್ಟು ಹೇಳಿದರು: "ಮುರಿದ್ರಪ್ಪಾ, ಚೆನ್ನಾಗೇ ಮುರಿದ್ರು! ಬಾಡಿಗೆ ಮೇಲೆ ಹತ್ತಿತು, ನಾವು ಕೆಳಗಿಳಿದ್ವಿ!"